ಹೊಸಿಲಲ್ಲಿ ನಿಲ್ಲುವ ಹೆಜ್ಜೆ

ಪಾರ್ಕಿನ್ಸನ್ ಎಂದರೆ ಕೈ ನಡುಗುವ ಕಾಯಿಲೆ ಎಂಬ ತಿಳಿವಳಿಕೆಯೇ ಹೆಚ್ಚಾಗಿದ್ದರೂ, ಅಂಥವರನ್ನು ಮನೆಯಲ್ಲಿ ನೋಡಿಕೊಂಡವರನ್ನು ನಡುಕಕ್ಕಿಂತ ಹೆಚ್ಚು ಕಾಡುವುದು ನಡಿಗೆಯ ತೊಂದರೆ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ನಶಿಸುತ್ತ ಬಂದಂತೆ, ಬದುಕಿಡೀ ಯೋಚಿಸದೆ ನಡೆದ ಕಾಲಿಗೆ ಆ ಅಭ್ಯಾಸಬಲವೇ ತಪ್ಪಿಹೋಗಿ ಹೆಜ್ಜೆ ಗಿಡ್ಡವಾಗುತ್ತದೆ. ಹೊಸಿಲು, ತಿರುವು ಅಥವಾ ಇಕ್ಕಟ್ಟಾದ ಜಾಗ ಎದುರಾದಾಗ ಪಾದ ಇದ್ದಲ್ಲೇ ನಿಂತುಬಿಡುತ್ತದೆ. ಇದನ್ನು ನಡಿಗೆಯ ಸ್ತಂಭನವೆಂದು ಕರೆಯಬಹುದು.

ಸಾಗರ ತಾಲ್ಲೂಕಿನ ಹೊಳೆಬಾಗಿಲಿನ ಲಾಂಚ್ ನಿಲ್ದಾಣದಲ್ಲಿ ಈ ಸ್ತಂಭನಕ್ಕೆ ಬೇಕಾದ ಕಾರಣಗಳೆಲ್ಲ ಒಂದೆಡೆ ಕೂಡಿದ್ದವು. ಲಿಂಗನಮಕ್ಕಿ ಅಣೆಕಟ್ಟೆಯಿಂದಾಗಿ ಶರಾವತಿ ಹಿನ್ನೀರಿನ ಆಚೆಗೆ ಉಳಿದ ತುಮರಿ ಭಾಗದ ಜನ ಸಾಗರದ ಆಸ್ಪತ್ರೆಗೆ ಬರಬೇಕಾದರೆ ಲಾಂಚ್ ಹತ್ತಬೇಕಿತ್ತು, ಇಲ್ಲವೇ ಸುತ್ತುದಾರಿ ಹಿಡಿಯಬೇಕಿತ್ತು. ದಡದ ಇಳಿಜಾರು, ಮಣ್ಣಿನ ನೆಲದಿಂದ ಲಾಂಚಿನ ಕಬ್ಬಿಣದ ನೆಲಕ್ಕೆ ದಾಟುವ ಅಂಚು, ಹಿಂದಿನಿಂದ ಒತ್ತುವ ಜನ ಮತ್ತು ವಾಹನ ಇವುಗಳ ನಡುವೆ ರೋಗಿಯನ್ನು ಅವಸರಪಡಿಸಿದಷ್ಟೂ ಕಾಲು ಬಿಗಿಯುತ್ತದೆ, ಕೈಹಿಡಿದು ಎಳೆದರೆ ಪಾದ ಹಿಂದೆಯೇ ಉಳಿದು ಮೈ ಮುಂದಕ್ಕೆ ಬಾಗಿ ಬೀಳುವ ಅಪಾಯವಿರುತ್ತದೆ. ಡೋಪಮೈನಿನ ಕೊರತೆ ತುಂಬುವ ಲೆವೊಡೋಪ ಮಾತ್ರೆಯ ಪ್ರಭಾವ ಕೆಲವು ಗಂಟೆಗಳಷ್ಟೇ ಇರುವುದರಿಂದ, ಲಾಂಚಿಗಾಗಿ ಕಾಯುವುದರಲ್ಲೇ ಆ ಒಳ್ಳೆಯ ಹೊತ್ತು ಕಳೆದುಹೋಗುವುದೂ ಇತ್ತು. ಮಾತ್ರೆಯ ವೇಳೆಗೆ ತಕ್ಕಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕೆಂಬುದು ಇಂಥ ಊರುಗಳ ಆರೈಕೆದಾರರು ಕಲಿಯಬೇಕಾದ ಮೊದಲ ಪಾಠ.

ನಿಂತ ಕಾಲು ಮತ್ತೆ ಕದಲಲು ಹೊರಗಿನ ಸುಳಿವೊಂದು ನೆರವಾಗುತ್ತದೆ. ನೆಲದ ಮೇಲೆ ಹೆಜ್ಜೆಯ ಅಂತರದಲ್ಲಿ ಎಳೆದ ಅಡ್ಡ ಪಟ್ಟೆಗಳನ್ನು ಕಂಡರೆ ರೋಗಿ ಅವುಗಳನ್ನು ದಾಟುತ್ತ ಸಲೀಸಾಗಿ ನಡೆಯಬಲ್ಲನೆಂಬುದನ್ನು ಬ್ರಿಟಿಷ್ ನರವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲೇ ವಿವರಿಸಿದ್ದರು. ಪಟ್ಟೆಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು, ನೆಲದ ಬಣ್ಣದಿಂದ ಎದ್ದು ಕಾಣಬೇಕು. ಉದ್ದಕ್ಕೆ ಎಳೆದ ಗೆರೆಯಿಂದ ಅಂಥ ಉಪಯೋಗವಿಲ್ಲ. ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೆ ವ್ಯಕ್ತಿ ತಾನೇ ಓಡಾಡುತ್ತಿರುವಂತೆ ಅನುಭವ ಕೊಡುವ ತಂತ್ರ, ಈ ಹಳೆಯ ತತ್ತ್ವವನ್ನೇ ವಿಸ್ತರಿಸಿ ಸುಳಿವಿನ ಜೊತೆಗೆ ಅಡೆತಡೆ, ತಿರುವು, ಗಮನ ಬೇರೆಡೆ ಸೆಳೆಯುವ ಸಂಗತಿಗಳನ್ನು ಅಪಾಯವಿಲ್ಲದ ಕೋಣೆಯೊಂದಕ್ಕೆ ತರುತ್ತದೆ.

ಇಂಥ ತರಬೇತಿಯ ಫಲವನ್ನು ಕುರಿತ ಪುರಾವೆ ಆಶಾದಾಯಕವಾಗಿದೆ, ಆದರೆ ಮಿತವಾಗಿದೆ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ, ಐದು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ ಪಾರ್ಕಿನ್ಸನ್ ಪೀಡಿತರೂ ಸೇರಿದಂತೆ ಬೀಳುವ ತೊಂದರೆಯಿದ್ದ ಹಿರಿಯರು ವಾರಕ್ಕೆ ಮೂರು ಬಾರಿಯಂತೆ ಆರು ವಾರ ಟ್ರೆಡ್‌ಮಿಲ್ ಮೇಲೆ ನಡೆದರು. ಎದುರಿನ ಪರದೆಯಲ್ಲಿ ತಮ್ಮ ಪಾದಗಳನ್ನೇ ನೋಡುತ್ತ ಅಡೆತಡೆ ದಾಟಿದವರು ಬರೀ ಟ್ರೆಡ್‌ಮಿಲ್ ನಡಿಗೆ ಮಾಡಿದವರಿಗಿಂತ ಮುಂದಿನ ಆರು ತಿಂಗಳಲ್ಲಿ ಕಡಿಮೆ ಬಾರಿ ಬಿದ್ದರು. ಗಮನಿಸಬೇಕಾದ ಸಂಗತಿಯೆಂದರೆ ಅಲ್ಲಿ ಕಣ್ಣು ಮುಚ್ಚುವ ಹೆಡ್‌ಸೆಟ್ ಹಾಕಿರಲಿಲ್ಲ. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಅದೇ ವರ್ಷದ ವಿಮರ್ಶೆ 8 ಪ್ರಯೋಗಗಳ 263 ಜನರ ಮಾಹಿತಿಯನ್ನು ಒಟ್ಟುಗೂಡಿಸಿ, ಹೆಜ್ಜೆಯ ಉದ್ದದಲ್ಲಿ ಅಲ್ಪಾವಧಿಯ ಲಾಭ ಕಂಡರೂ ಸಮತೋಲನದಲ್ಲಿ ಸಾಮಾನ್ಯ ಫಿಸಿಯೊಥೆರಪಿಗೂ ಇದಕ್ಕೂ ಹೆಚ್ಚು ಅಂತರವಿಲ್ಲವೆಂದೂ, ಪುರಾವೆಯ ಗುಣಮಟ್ಟ ಕಡಿಮೆಯೆಂದೂ ಹೇಳಿತು.

ಆದ್ದರಿಂದ ಮಗನೋ ಮಗಳೋ ಬೆಂಗಳೂರಿನಿಂದ ತಂದುಕೊಟ್ಟ ಹೆಡ್‌ಸೆಟ್ಟನ್ನು ರೋಗಿಯ ತಲೆಗೆ ಹಾಕಿ ಒಬ್ಬರನ್ನೇ ನಿಲ್ಲಿಸುವುದು ಸರಿಯಲ್ಲ. ಅದು ನೆಲವನ್ನೇ ಮರೆಮಾಡುತ್ತದೆ, ಕೆಲವರಿಗೆ ತಲೆಸುತ್ತು ತರುತ್ತದೆ. ಇಲ್ಲದ್ದು ಕಣ್ಣಿಗೆ ಕಾಣುವ ಭ್ರಮೆ ಈಗಾಗಲೇ ಇರುವವರಿಗೆ ವೈದ್ಯರನ್ನು ಕೇಳದೆ ಅದನ್ನು ಕೊಡಲೇಬಾರದು. ಸಾಧನವಿಲ್ಲದ ಮನೆಯೂ ಅದರ ತತ್ತ್ವದಿಂದ ವಂಚಿತವಾಗಬೇಕಿಲ್ಲ: ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಸಾಗರ ಸೀಮೆಯಲ್ಲಿ ಕೆಂಪು ನೆಲದ ಮೇಲೆ ನಾಲ್ಕು ಬಿಳಿಯ ಅಡ್ಡ ಪಟ್ಟೆ ಎಳೆಯುವುದು ಯಾರಿಗೂ ಕಷ್ಟವಲ್ಲ, ಯಕ್ಷಗಾನ ಕೇಳಿ ಬೆಳೆದ ಹಿರಿಯರಿಗೆ ಪಟ್ಟೆಯಂತೆಯೇ ಸುಳಿವಾಗುವ ತಾಳಕ್ಕೆ ಹೆಜ್ಜೆ ಹಾಕುವುದು ಹೊಸತೂ ಅಲ್ಲ. ಆದರೆ ಪಟ್ಟೆಯ ಅಂತರವನ್ನು, ತಾಳದ ವೇಗವನ್ನು ಆ ರೋಗಿಯ ನಡಿಗೆಗೆ ಹೊಂದಿಸಲು ತರಬೇತಾದ ಕಣ್ಣು ಬೇಕು.

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದು ತುಮರಿಯವರ ದಾರಿಯ ಅಡ್ಡಿ ನೀಗಿದೆ. ಇನ್ನು ಆಸ್ಪತ್ರೆ ತಲುಪಿದವರಿಗೆ ನೆರವು ಸಿಗಬೇಕು: ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಪಾರ್ಕಿನ್ಸನ್ ನಡಿಗೆಯನ್ನು ಬಲ್ಲ ಫಿಸಿಯೊಥೆರಪಿಸ್ಟರು ವಾರಕ್ಕೊಮ್ಮೆಯಾದರೂ ಸಿಗುವಂತೆ, ಅವರ ಕೈಯಲ್ಲಿ ಪರದೆ ಮತ್ತು ಕ್ಯಾಮೆರಾದ ಸರಳ ವ್ಯವಸ್ಥೆಯೊಂದಾದರೂ ಇರುವಂತೆ ಆರೋಗ್ಯ ಇಲಾಖೆ ಈಗ ಮನಸ್ಸು ಮಾಡಬೇಕು.