ಅರಿವು ಎಲ್ಲರ ಹಕ್ಕು

ರೋಗಕ್ಕೆ ಪಕ್ಷಪಾತವಿಲ್ಲ. ಅದು ಬಡವ ಬಲ್ಲಿದರೆಂದು ಎಣಿಸುವುದಿಲ್ಲ. ಕಣ್ಣುಳ್ಳವರು, ಕಣ್ಣಿಲ್ಲದವರು ಎಂದು ವಿಂಗಡಿಸುವುದಿಲ್ಲ. ಆದರೆ ರೋಗದಿಂದ ಪಾರಾಗಲು ಬೇಕಾದ ಅರಿವನ್ನು ಹಂಚುವಾಗ ಸಮಾಜವು ಹಲವೊಮ್ಮೆ ಪಂಕ್ತಿಭೇದ ಮಾಡುತ್ತದೆ. ಹಾಗೆ ಪಂಕ್ತಿಯಿಂದ ಹೊರಗುಳಿದವರಲ್ಲಿ ಅಂಗವೈಕಲ್ಯವುಳ್ಳ ಮಹಿಳೆಯರೂ ಸೇರಿದ್ದಾರೆ. ಎಚ್.ಐ.ವಿ. ಸೋಂಕಿನ ವಿಷಯದಲ್ಲಿ ಈ ಭೇದವು ಎಷ್ಟು ಅಪಾಯಕರವೆಂಬುದನ್ನು ನಾವು ವಿಚಾರಮಾಡಬೇಕಾಗಿದೆ.

ಏಡ್ಸ್ ರೋಗವು ವೈದ್ಯಲೋಕದ ಗಮನಕ್ಕೆ ಬಂದದ್ದು ೧೯೮೧ರಲ್ಲಿ, ಅಮೆರಿಕದಲ್ಲಿ. ಐದು ವರ್ಷಗಳ ಬಳಿಕ, ೧೯೮೬ರಲ್ಲಿ, ಮದರಾಸಿನ ವೈದ್ಯೆ ಡಾ. ಸುನೀತಿ ಸಾಲೊಮನ್ ಹಾಗೂ ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಶ್ರಮದಿಂದ ನಮ್ಮ ದೇಶದಲ್ಲಿಯೂ ಈ ಸೋಂಕಿರುವುದು ಮೊದಲ ಬಾರಿಗೆ ಗೊತ್ತಾಯಿತು. ಎಚ್.ಐ.ವಿ. ಎಂಬ ವೈರಾಣು ದೇಹದ ರಕ್ಷಣಾಶಕ್ತಿಯನ್ನು ಮೆಲ್ಲಮೆಲ್ಲನೆ ಕುಂದಿಸುತ್ತದೆ. ಚಿಕಿತ್ಸೆ ದೊರೆಯದೆ ಹೋದರೆ ಕ್ಷಯವೇ ಮೊದಲಾದ ರೋಗಗಳು ಮುತ್ತಿಕೊಳ್ಳುತ್ತವೆ. ಆ ಕೊನೆಯ ಅವಸ್ಥೆಯೇ ಏಡ್ಸ್. ಇದು ಹರಡುವ ಮುಖ್ಯ ದಾರಿಗಳು ನಾಲ್ಕು: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸುವುದು, ಮತ್ತು ಗರ್ಭ, ಹೆರಿಗೆ ಇಲ್ಲವೆ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ ತಗುಲುವುದು. ಕೈಹಿಡಿದು ನಡೆದರೆ, ಜೊತೆಯಲ್ಲಿ ಕುಳಿತು ಉಂಡರೆ, ಸೊಳ್ಳೆ ಕಚ್ಚಿದರೆ ಇದು ಹರಡುವುದಿಲ್ಲ.

೨೦೧೧ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳ ಮಹಿಳೆಯರ ಸಂಖ್ಯೆ ಸುಮಾರು ೧ ಕೋಟಿ ೧೮ ಲಕ್ಷ. ಇವರನ್ನು ಕುರಿತು ಜನರಲ್ಲಿ ಬೇರೂರಿದ ಭಾವನೆಯೊಂದುಂಟು. "ಇಂಥವಳಿಗೆ ಮದುವೆಯೆಲ್ಲಿ, ಸಂಸಾರವೆಲ್ಲಿ? ಆ ಮಾತನ್ನೆಲ್ಲ ಇವಳಿಗೇಕೆ ಹೇಳಬೇಕು?" ಎನ್ನುತ್ತಾರೆ. ಈ ಮಾತಿನಲ್ಲಿ ಮರುಕವಿರುವಂತೆ ತೋರಿದರೂ ಅದರ ಫಲ ಕ್ರೂರವಾದುದು. ಅವರೂ ಹರೆಯಕ್ಕೆ ಬರುತ್ತಾರೆ, ಮದುವೆಯಾಗುತ್ತಾರೆ, ತಾಯಂದಿರಾಗುತ್ತಾರೆ. ಗಂಡನಿಗೆ ಸೋಂಕಿದ್ದರೆ ಎಲ್ಲ ಹೆಂಡತಿಯರಂತೆ ಅವರೂ ಅಪಾಯಕ್ಕೆ ಒಳಗಾಗುತ್ತಾರೆ. ಅಷ್ಟೇ ಅಲ್ಲ, ಪ್ರತಿಭಟಿಸಲಾರಳು, ದೂರು ಹೇಳಿದರೂ ಯಾರೂ ನಂಬಲಾರರು ಎಂಬ ಧೈರ್ಯದಿಂದ ದುರುಳರು ಇಂಥವರ ಮೇಲೆಯೇ ಅತ್ಯಾಚಾರವೆಸಗುವುದುಂಟು.

ಅಪಾಯ ಹೀಗಿರುವಲ್ಲಿ ಎಚ್ಚರಿಕೆಯ ಮಾತಾದರೂ ಅವರನ್ನು ತಲುಪುವುದೇ? ಗೋಡೆಗೆ ಅಂಟಿಸಿದ ಭಿತ್ತಿಪತ್ರ ಕಣ್ಣು ಕಾಣದವಳಿಗೆ ನಿಷ್ಪ್ರಯೋಜಕ. ಬಾನುಲಿಯ ಭಾಷಣ ಕಿವಿ ಕೇಳದವಳಿಗೆ ಮುಟ್ಟದು. ಮೆಟ್ಟಿಲುಗಳ ಮೇಲಿರುವ ಆಸ್ಪತ್ರೆ ಗಾಲಿಕುರ್ಚಿಯಲ್ಲಿ ಬರುವವಳಿಗೆ ಎಟುಕದು. ವಿಶ್ವಬ್ಯಾಂಕ್ ಮತ್ತು ಯೇಲ್ ವಿಶ್ವವಿದ್ಯಾಲಯಗಳು ನಡೆಸಿ ೨೦೦೪ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆಯೂ ಸೋಂಕಿಗೆ ಕಾರಣವಾಗುವ ಅಪಾಯಗಳು ಅಂಗವೈಕಲ್ಯವುಳ್ಳವರಿಗೆ ಇತರರಷ್ಟೇ ಅಥವಾ ಇತರರಿಗಿಂತ ಹೆಚ್ಚಾಗಿವೆಯೆಂದೂ, ಆದರೂ ತಡೆಗಟ್ಟುವ ಕಾರ್ಯಕ್ರಮಗಳಲ್ಲಿ ಅವರನ್ನು ಕಡೆಗಣಿಸಲಾಗಿದೆಯೆಂದೂ ತಿಳಿಸಿತು.

ಸೋಂಕು ತಗುಲಿದ ಮೇಲಂತೂ ಕಳಂಕದ ಕಾಟ ಬೇರೆ. ಅಂಗವೈಕಲ್ಯವನ್ನು ಹಿಂದಿನ ಜನ್ಮದ ಪಾಪವೆಂದೂ ಎಚ್.ಐ.ವಿ.ಯನ್ನು ಈ ಜನ್ಮದ ಪಾಪವೆಂದೂ ಬಗೆಯುವವರು ಇನ್ನೂ ಇದ್ದಾರೆ. ಎರಡೂ ಒಬ್ಬಳಲ್ಲಿಯೇ ಕೂಡಿದಾಗ 'ಬಾವಿಗೆ ಬಿದ್ದವರಿಗೆ ಆಳಿಗೊಂದು ಕಲ್ಲು' ಎಂಬ ಗಾದೆ ನಿಜವಾಗುತ್ತದೆ. ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳೊಬ್ಬಳು ರಕ್ತಪರೀಕ್ಷೆಗೆ ಹೋದಳೆಂದು ಭಾವಿಸಿ. ಆಪ್ತಸಮಾಲೋಚಕರಿಗೆ ಸನ್ನೆಭಾಷೆ ತಿಳಿಯದಿದ್ದರೆ ಅವಳ ಅತ್ತೆಯೋ ಮೈದುನನೋ ನಡುವೆ ನಿಂತು ಮಾತನ್ನು ದಾಟಿಸಬೇಕು. ಮನೆಯವರ ಮುಂದೆ ಹೇಳಲಾಗದುದನ್ನು ಮನೆಯವರ ಬಾಯಿಂದಲೇ ಅವಳು ಹೇಳಿಸಬೇಕಾಗುತ್ತದೆ. ಅವಳ ರಕ್ತದ ಫಲಿತಾಂಶ ಅವಳಿಗಿಂತ ಮೊದಲು ಇತರರಿಗೆ ತಿಳಿಯುತ್ತದೆ. ಗುಟ್ಟು ಉಳಿಯದೆಂಬ ಭಯದಿಂದ ಅವಳು ಪರೀಕ್ಷೆಗೇ ಹಿಂಜರಿದರೆ ತಪ್ಪು ಯಾರದು?

ಔಷಧ ಮತ್ತು ಕಾನೂನು ಇವೆರಡೂ ಇಂದು ಅವಳ ಪರವಾಗಿವೆ. ೨೦೦೪ರಿಂದ ಸರ್ಕಾರವು ಈ ಸೋಂಕಿಗೆ ಉಚಿತವಾಗಿ ಔಷಧ ನೀಡುತ್ತ ಬಂದಿದೆ. ಔಷಧವು ಸೋಂಕನ್ನು ಪೂರ್ಣವಾಗಿ ತೊಡೆದುಹಾಕದಿದ್ದರೂ ಅದನ್ನು ತಪ್ಪದೆ ಸೇವಿಸುವವರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ನಿಲುಕದಷ್ಟು ತಗ್ಗಿದ ಸ್ಥಿತಿಯನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಗರ್ಭಿಣಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಮಗುವಿಗೆ ಸೋಂಕು ತಗುಲುವ ಸಂಭವ ಬಹಳ ಕಡಿಮೆಯಾಗುತ್ತದೆ. ೨೦೧೬ರ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಂತಾನ ಹಾಗೂ ಕುಟುಂಬ ಯೋಜನೆಯ ಬಗೆಗೆ ತಕ್ಕ ತಿಳಿವಳಿಕೆಯನ್ನು ಅವರಿಗೆ ಒದಗಿಸಬೇಕೆಂದು ವಿಧಿಸುತ್ತದೆ. ೨೦೧೭ರಲ್ಲಿ ರೂಪುಗೊಂಡು ೨೦೧೮ರ ಸೆಪ್ಟೆಂಬರ್ ೧೦ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ಸೋಂಕಿತರಿಗೆ ಉದ್ಯೋಗ, ಶಿಕ್ಷಣ, ಚಿಕಿತ್ಸೆಗಳಲ್ಲಿ ಭೇದವೆಸಗುವುದನ್ನು ನಿಷೇಧಿಸಿದೆ. ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕೆಂದೂ ಗುಟ್ಟನ್ನು ಕಾಪಾಡಬೇಕೆಂದೂ ನಿಯಮಿಸಿದೆ.

ಆದರೆ ಕಾನೂನು ಕಾಗದದಿಂದ ಇಳಿದು ಮನೆಯ ಬಾಗಿಲಿಗೆ ಬರಬೇಕಾದರೆ ಮನುಷ್ಯರು ಬೇಕು. ನಮ್ಮ ನಾಡಿನ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರಿಬ್ಬರೂ ಕೈಜೋಡಿಸಿದರೆ ಅರಿವು ಮನೆಯೊಳಗೆ ಕುಳಿತವಳನ್ನೂ ತಲುಪೀತು. ಬ್ರೈಲ್ ಲಿಪಿಯ ಪುಸ್ತಿಕೆ, ಮನೆಯವರಲ್ಲದ ಸನ್ನೆಭಾಷಾ ದುಭಾಷಿ, ಚಿತ್ರಗಳಿಂದ ಕೂಡಿದ ಸರಳ ವಿವರಣೆ, ಆಸ್ಪತ್ರೆಗೆ ಇಳಿಜಾರು ದಾರಿ ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ೧೦೯೭ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಶುಲ್ಕವಿಲ್ಲದೆ ಸಲಹೆ ದೊರೆಯುವುದೆಂಬುದನ್ನು ನೆರೆಯವರಿಗೆ ತಿಳಿಸುವ ಕೆಲಸ ವಿದ್ಯಾರ್ಥಿಗಳಿಂದಲೂ ಆಗಬಲ್ಲದು. ಇಂಥವಳ ಪಕ್ಕದಲ್ಲಿ ಸಂಕೋಚವಿಲ್ಲದೆ ಕುಳಿತು ಉಣ್ಣುವುದು ಅದಕ್ಕಿಂತಲೂ ದೊಡ್ಡ ಕೆಲಸ.

ಮರುಕದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅರಿವಿನ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕುವುದೇ ನಾಗರಿಕ ಸಮಾಜದ ಲಕ್ಷಣ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
೧. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಗೊತ್ತಾದದ್ದು ಯಾವಾಗ, ಎಲ್ಲಿ?
೨. ಎಚ್.ಐ.ವಿ. ಹರಡುವ ಮುಖ್ಯ ದಾರಿಗಳು ಯಾವುವು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
೧. ಎಚ್ಚರಿಕೆಯ ಮಾತು ಅಂಗವೈಕಲ್ಯವುಳ್ಳ ಮಹಿಳೆಯರನ್ನು ಏಕೆ ತಲುಪುತ್ತಿಲ್ಲ?
೨. ದುಭಾಷಿಯು ಮನೆಯವರಲ್ಲದವರಾಗಿರಬೇಕು ಏಕೆ?

ಇ) ಸಂದರ್ಭದೊಡನೆ ವಿವರಿಸಿ.
೧. "ಆ ಮಾತನ್ನೆಲ್ಲ ಇವಳಿಗೇಕೆ ಹೇಳಬೇಕು?"
೨. "ಬಾವಿಗೆ ಬಿದ್ದವರಿಗೆ ಆಳಿಗೊಂದು ಕಲ್ಲು."