ಎಂಜಿನ್ನಿನ ನಾಡಿ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿರುವ ಆವನಿಯು ಪುರಾತನವಾದ ಕ್ಷೇತ್ರ. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮೂಹಕ್ಕೆ ಇದು ಹೆಸರಾಗಿದೆ. ವಾಲ್ಮೀಕಿ ಮಹರ್ಷಿಯ ಆಶ್ರಮವು ಇಲ್ಲಿಯ ಬೆಟ್ಟದಲ್ಲಿದ್ದಿತೆಂದೂ, ಲವಕುಶರು ಇಲ್ಲಿಯೇ ಜನಿಸಿದರೆಂದೂ ಜನರ ನಂಬಿಕೆ. ಶಿವರಾತ್ರಿಯ ಸಮಯದಲ್ಲಿ ಇಲ್ಲಿ ಜಾತ್ರೆಯೂ ದನಗಳ ಪರಿಷೆಯೂ ಕೂಡುತ್ತವೆ. ಪರಿಷೆಯಲ್ಲಿ ಎತ್ತನ್ನು ಕೊಳ್ಳಬಂದ ರೈತನು ಅದರ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ, ನಿಂತಾಗ ಅದರ ಉಸಿರಾಟವನ್ನು ಗಮನಿಸುತ್ತಾನೆ. ಯಂತ್ರದ ದೋಷವನ್ನು ಕಂಡುಹಿಡಿಯುವವನಿಗೂ ಇದೇ ತಾಳ್ಮೆ ಅಗತ್ಯ.

ಇಂತಹ ಜಾತ್ರೆಗೆ ಭಕ್ತರನ್ನು ಕರೆತಂದ ಒಂದು ಹಳೆಯ ಅಂಬಾಸಿಡರ್ ಬಾಡಿಗೆ ಕಾರನ್ನು ಊಹಿಸಿಕೊಳ್ಳೋಣ. ಹೆದ್ದಾರಿಯಲ್ಲಿ ಅದು ಸರಾಗವಾಗಿಯೇ ಓಡಿತು. ಆದರೆ ಜನಸಂದಣಿಯಲ್ಲಿ ನಿಲ್ಲಿಸಿದೊಡನೆ ಎಂಜಿನ್ನು ತಡವರಿಸತೊಡಗಿತು. ಇಡೀ ಕಾರು ನಡುಗಿತು. ಕೊನೆಗೆ ಎಂಜಿನ್ನು ನಿಂತೇಹೋಯಿತು. ಚಾಲಕನ ಅಂದಿನ ದುಡಿಮೆಯೂ ಅದರೊಡನೆ ನಿಂತಿತು. ಓಡುವಾಗ ಇಲ್ಲದ ರೋಗ ನಿಂತಾಗ ಕಾಣಿಸಿಕೊಂಡುದೇಕೆ?

ಚಕ್ರಗಳು ಉರುಳದೆ ಎಂಜಿನ್ನು ಮಾತ್ರ ಮೆಲ್ಲಗೆ ಓಡುತ್ತಿರುವ ಸ್ಥಿತಿಗೆ 'ಐಡ್ಲಿಂಗ್' ಎಂದು ಹೆಸರು. ಆಗ ಎಂಜಿನ್ನು ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಪ್ರತಿ ಎರಡು ಸುತ್ತಿಗೆ ಒಂದೊಂದು ಸಿಲಿಂಡರಿನಲ್ಲಿಯೂ ಇಂಧನವು ಒಂದು ಬಾರಿ ಉರಿಯುತ್ತದೆ. ಅಂದರೆ ನಿಮಿಷಕ್ಕೆ 1500 ಬಾರಿ, ಸೆಕೆಂಡಿಗೆ 25 ಬಾರಿ ಎಂಜಿನ್ನಿಗೆ ಶಕ್ತಿ ದೊರೆಯುತ್ತದೆ. ವೇಗವಾಗಿ ಓಡುವಾಗ ಒಂದು ಬಡಿತ ತಪ್ಪಿದರೂ ಉಳಿದವುಗಳ ರಭಸದಲ್ಲಿ ಅದು ಅಡಗಿಹೋಗುತ್ತದೆ. ಮಂದಗತಿಯಲ್ಲಿ ಗಾಳಿ, ಪೆಟ್ರೋಲು ಎರಡೂ ಅತ್ಯಲ್ಪ ಪ್ರಮಾಣದಲ್ಲಿ ಒಳಹೋಗುವುದರಿಂದ ಕಿಂಚಿತ್ ವ್ಯತ್ಯಾಸವೂ ನಡುಕವಾಗಿ ಹೊರಬೀಳುತ್ತದೆ.

ನುರಿತ ಮೆಕ್ಯಾನಿಕನು ಮೊದಲು ಸ್ಪ್ಯಾನರನ್ನು ಹಿಡಿಯುವುದಿಲ್ಲ, ಕಿವಿಗೊಟ್ಟು ಕೇಳುತ್ತಾನೆ. ಬಡಿತವು ಒಂದೇ ಲಯದಲ್ಲಿ ಮತ್ತೆ ಮತ್ತೆ ತಪ್ಪುತ್ತಿದ್ದರೆ ದೋಷವು ಒಂದು ಸಿಲಿಂಡರಿನಲ್ಲಿರುವ ಸಂಭವ ಹೆಚ್ಚು. ಲಯವಿಲ್ಲದೆ ಏರಿಳಿಯುತ್ತಿದ್ದರೆ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಗಾಳಿ, ಪೆಟ್ರೋಲು ಅಥವಾ ಕಿಡಿಯ ವ್ಯವಸ್ಥೆಯನ್ನು ಶಂಕಿಸಬೇಕು.

ಮೊದಲನೆಯ ಬಗೆಯಲ್ಲಿ ರೋಗಗ್ರಸ್ತ ಸಿಲಿಂಡರನ್ನು ಗುರುತಿಸುವುದು ಸುಲಭ. ಎಂಜಿನ್ನನ್ನು ನಿಲ್ಲಿಸಿ, ಒಂದು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಗುಲಿಸಿಟ್ಟು ಮತ್ತೆ ಚಾಲೂ ಮಾಡಬೇಕು. ನಡುಕ ಹೆಚ್ಚಿದರೆ ಆ ಸಿಲಿಂಡರು ಅದುವರೆಗೆ ಕೆಲಸ ಮಾಡುತ್ತಿತ್ತೆಂದು ಅರ್ಥ. ಏನೂ ಬದಲಾಗದಿದ್ದರೆ ಸೋಮಾರಿ ಸಿಲಿಂಡರು ಅದೇ. ಆಗ ಅದರ ಪ್ಲಗ್ಗನ್ನು ಪಕ್ಕದ ಪ್ಲಗ್ಗಿನೊಡನೆ ಅದಲುಬದಲು ಮಾಡಬೇಕು. ದೋಷವೂ ಪಕ್ಕಕ್ಕೆ ಸರಿದರೆ ತಪ್ಪು ಪ್ಲಗ್ಗಿನದು. ಸರಿಯದಿದ್ದರೆ ತಂತಿಯನ್ನು ಪರೀಕ್ಷಿಸಬೇಕು; ಅದೂ ಸರಿಯಿದ್ದರೆ ಆ ಸಿಲಿಂಡರಿನ ಕವಾಟ ಮತ್ತು ಪಿಸ್ಟನ್ ಉಂಗುರಗಳನ್ನು.

ಕಳಚಿದ ಪ್ಲಗ್ಗು ತಾನೇ ಸಾಕ್ಷಿ ಹೇಳುತ್ತದೆ. ಅದರ ತುದಿಯು ತಿಳಿಗಂದು ಬಣ್ಣದ್ದಾಗಿದ್ದರೆ ಇಂಧನವು ಹದವಾಗಿ ಉರಿಯುತ್ತಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದಾಗಿದೆ. ಬೇಸಗೆಯ ದೂಳು ತುಂಬಿಕೊಂಡ ಏರ್ ಫಿಲ್ಟರು ಇದಕ್ಕೆ ಒಂದು ಕಾರಣ. ಎಣ್ಣೆಯಿಂದ ತೊಯ್ದಿದ್ದರೆ ಉಂಗುರಗಳು ಸವೆದಿರಬಹುದು. ಬಿಳಿಚಿಕೊಂಡಿದ್ದರೆ ಗಾಳಿ ಮಿತಿಮೀರಿದೆ.

ಎರಡನೆಯ ಬಗೆಯಲ್ಲಿ ಮೊದಲು ನೋಡಬೇಕಾದುದು ಗಾಳಿಯ ಕಳ್ಳದಾರಿ. ಮಂದಗತಿಯಲ್ಲಿ ಥ್ರಾಟಲ್ ಕವಾಟವು ಬಹುಮಟ್ಟಿಗೆ ಮುಚ್ಚಿರುವುದರಿಂದ ಅದರಾಚೆಯ ಕೊಳವೆಯಲ್ಲಿ ಒತ್ತಡ ಬಹಳ ಕಡಿಮೆಯಿರುತ್ತದೆ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ಗಾಳಿ ಅಲ್ಲಿ ನುಗ್ಗುತ್ತದೆ. ಅನುಮಾನವಿರುವ ಸಂದಿಗೆ ಸ್ವಲ್ಪ ಸಾಬೂನು ನೀರನ್ನು ಸವರಿದಾಗ ಎಂಜಿನ್ನಿನ ಸದ್ದು ಕ್ಷಣಕಾಲ ಬದಲಾದರೆ ಕಳ್ಳದಾರಿ ಸಿಕ್ಕಿತೆಂದೇ ತಿಳಿಯಬೇಕು. ಕೆಲವರು ಇದಕ್ಕೆ ಪೆಟ್ರೋಲನ್ನು ಚಿಮುಕಿಸುವುದುಂಟು. ಬಿಸಿಯಾದ ಎಂಜಿನ್ನಿನ ಮೇಲೆ ಅದು ಬೆಂಕಿಯನ್ನು ಆಹ್ವಾನಿಸಿದಂತೆ. ಸಂದಿಗಳು ಭದ್ರವಾಗಿದ್ದರೆ ಕಸ ಕಟ್ಟಿದ ಐಡ್ಲಿಂಗ್ ಜೆಟ್ಟನ್ನು ಶುಚಿಮಾಡಿ, ಸವೆದ ಕಾಂಟ್ಯಾಕ್ಟ್ ಪಾಯಿಂಟುಗಳ ಅಂತರವನ್ನು ಸರಿಪಡಿಸಬೇಕು. ಮಿಶ್ರಣದ ತಿರುಪನ್ನು ಮುಟ್ಟುವುದು ಇವೆಲ್ಲ ಮುಗಿದ ಮೇಲೆ.

ಅವಸರದವರು ಮಾಡುವುದು ಇದಕ್ಕೆ ತದ್ವಿರುದ್ಧ. ವೇಗದ ತಿರುಪನ್ನು ಬಿಗಿದು ಎಂಜಿನ್ನಿನ ಸುತ್ತುಗಳನ್ನು ಏರಿಸಿಬಿಡುತ್ತಾರೆ. ನಡುಕ ಮರೆಯಾಗುತ್ತದೆ, ಗಿರಾಕಿಗೂ ತೃಪ್ತಿಯಾಗುತ್ತದೆ. ಆದರೆ ದೋಷವು ಒಳಗೇ ಉಳಿದು ಪೆಟ್ರೋಲನ್ನು ಪೋಲುಮಾಡುತ್ತದೆ. ಪೆಟ್ರೋಲು ಹೆಚ್ಚಾಗಿ ಗಾಳಿ ಸಾಲದಾದಾಗ ಹೊರಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಧಿಕವಾಗಿರುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲವು ಮುಚ್ಚಿದ ಕೊಠಡಿಯಲ್ಲಿ ಪ್ರಾಣವನ್ನೇ ತೆಗೆಯಬಲ್ಲುದು. ಆದುದರಿಂದ ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಎಂದಿಗೂ ಓಡಿಸಿ ಪರೀಕ್ಷಿಸಬಾರದು.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಹೊಸ ಪೆಟ್ರೋಲ್ ಕಾರುಗಳಲ್ಲಿ ಕಾರ್ಬ್ಯುರೇಟರಿಲ್ಲ. ಇಂಜೆಕ್ಟರುಗಳು ಗಣಕದ ಆಜ್ಞೆಯಂತೆ ಪೆಟ್ರೋಲನ್ನು ಚಿಮ್ಮಿಸುತ್ತವೆ. ತಪ್ಪು ಸಂಭವಿಸಿದರೆ ಗಣಕವು ಒಂದು ಸಂಕೇತವನ್ನು ದಾಖಲಿಸುತ್ತದೆ. ಆದರೆ ಆ ಸಂಕೇತವು ಯಾವ ಸಿಲಿಂಡರು ತಪ್ಪಿತೆಂಬುದನ್ನು ಹೇಳಬಹುದೇ ಹೊರತು ಏಕೆ ತಪ್ಪಿತೆಂಬುದನ್ನು ಹೇಳಲಾರದು. ಅದನ್ನು ತಿಳಿಯಲು ಇಂದಿಗೂ ಹಳೆಯ ಮಾರ್ಗವೇ ಬೇಕು: ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲವನ್ನು ನೋಡಿ, ಆಮೇಲೆ ಮುಂದಿನದಕ್ಕೆ ಕೈಹಾಕುವುದು. ಎರಡು ಬಿಡಿಭಾಗಗಳನ್ನು ಒಟ್ಟಿಗೆ ಬದಲಿಸಿದವನ ಕಾರು ಸರಿಹೋಗಬಹುದು. ಯಾವುದರಿಂದ ಸರಿಹೋಯಿತೆಂಬುದು ಮಾತ್ರ ಅವನಿಗೆ ತಿಳಿಯುವುದಿಲ್ಲ.