ಎಡಕ್ಕೆ ಎಳೆಯುವ ಗಾಡಿಗೆ ಯಾವ ಟೈರ್?

ಪ್ರಶ್ನೆ: ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವನು. ನನ್ನ ಟೆಂಪೊ ಟ್ರಾವೆಲರ್ ಕೊಟ್ಟೂರು, ಮೈಲಾರ, ಉಚ್ಚಂಗಿದುರ್ಗದ ಜಾತ್ರೆಗಳಿಗೆ ಬಾಡಿಗೆ ಓಡುತ್ತದೆ. ಮೈಲೇಜ್ ಇಳಿದಿದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಯಾವ ಟೈರ್ ಹಾಕಿಸಲಿ?

ಉತ್ತರ: ಟೈರಿಗೆ ದುಡ್ಡು ಸುರಿಯುವ ಮೊದಲು ಅಲೈನ್‌ಮೆಂಟ್ ಮಾಡಿಸಿ, ಬ್ರೇಕ್ ಹಿಡಿದುಕೊಂಡಿದೆಯೇ ನೋಡಿಸಿ. ಎಡಗಡೆ ಗಾಳಿ ಕಡಿಮೆಯಿದ್ದರೂ ಹೀಗೆ ಎಳೆಯುತ್ತದೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಅಳೆಸಿ, ತುಂಬಿದ ಗಾಡಿಗೆ ಕಂಪನಿ ಹೇಳಿದಷ್ಟೇ ಹಾಕಿಸಿ. ಬಿಸಿಲಲ್ಲಿ ಓಡಿದ ಟೈರಿನ ಒತ್ತಡ ಏರಿದ್ದು ಕಂಡು ಗಾಳಿ ಬಿಡುವವರಿದ್ದಾರೆ. ದಯವಿಟ್ಟು ನೀವು ಬಿಡಬೇಡಿ.

ಟೈರ್ ನಿಜಕ್ಕೂ ಸವೆದಿದ್ದರೆ, ಅಂದರೆ ಪಟ್ಟಿ 1.6 ಮಿ.ಮೀ. ಗುರುತಿಗೆ ಹತ್ತಿರವಾಗಿದ್ದರೆ, ರೇಡಿಯಲ್ ಕೊಳ್ಳಿ. ನಿಮ್ಮದು ಹೆಚ್ಚಾಗಿ ಡಾಂಬರು ರಸ್ತೆ. ಉದ್ದ ಗೆರೆಯ ಪಟ್ಟಿ ಹಗುರವಾಗಿ ಉರುಳುತ್ತದೆ. ಅಳತೆ ಹಳೆಯದೇ ಇರಲಿ, ಭಾರದ ಸಂಖ್ಯೆ ಕಡಿಮೆಯಾಗದಿರಲಿ. ಅಗಲದ ಟೈರ್ ಚೆಂದ ಕಂಡರೂ ಬೇಡ. ತಯಾರಿ ದಿನಾಂಕ ಓದಿಯೇ ಹಣ ಕೊಡಿ: 2324 ಎಂದರೆ 2024ರ 23ನೇ ವಾರ. ಮುಂದಿನ ಚಕ್ರಗಳಿಗೆ ರೀಸೋಲ್ ಹಾಕಿಸಲೇಬೇಡಿ.

ಟೈರಿನ ಪಕ್ಕ ಉಬ್ಬಿದ್ದರೆ, ಸ್ಟೇರಿಂಗ್ ನಡುಗಿದರೆ ಭಕ್ತರನ್ನು ಹತ್ತಿಸಬೇಡಿ. ಅಂದೇ ಮೆಕ್ಯಾನಿಕ್‌ಗೆ ತೋರಿಸಿ.